ವಿದುರಾಶ್ವತ್ಥದ ಮೆಟ್ಟು

ನಮ್ಮ ಮನೆಯಲ್ಲಿ ಯಾರಾದರೂ ಏನನ್ನಾದರೂ ಕಳೆದುಕೊಂಡು ಬಂದರೆ "ವಿದುರಾಶ್ವತ್ಥದ ಮೆಟ್ಟಾಯಿತು ಬಿಡು" ಎನ್ನುತ್ತಾರೆ. ಬಸ್ಸಿನಲ್ಲಿ ಮರೆತ ಕೊಡೆ, ಮದುವೆ ಛತ್ರದಲ್ಲಿ ಬಿಟ್ಟುಬಂದ ಡಬ್ಬಿ, ಸಂತೆಯಲ್ಲಿ ಜಾರಿದ ನೂರರ ನೋಟು, ಎಲ್ಲಕ್ಕೂ ಅದೇ ಮಾತು. ಹುಡುಕಿ ಪ್ರಯೋಜನವಿಲ್ಲ, ಬೈದೂ ಪ್ರಯೋಜನವಿಲ್ಲ ಎಂದು ಅದರ ಅರ್ಥ. ಇದು ಎಲ್ಲ ಕಡೆಯೂ ಇರುವ ಗಾದೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ಕಾಲೇಜಿನಲ್ಲಿ ಗೆಳತಿಯೊಬ್ಬಳು ಪೆನ್ನು ಕಳೆದುಕೊಂಡಾಗ ಈ ಮಾತು ಹೇಳಿ ನಗೆಪಾಟಲಾದೆ. ನಮ್ಮ ಹೊಸ್ತಿಲು ದಾಟಿದರೆ ಚಲಾವಣೆಯಿಲ್ಲದ ನಾಣ್ಯ ಅದು ಎಂದು ಅವತ್ತು ಗೊತ್ತಾಯಿತು.

ಮಾತಿನ ಹಿಂದಿನ ಕಥೆ ಚಿಕ್ಕದು. ನಮ್ಮದು ಮಧುಗಿರಿ ತಾಲ್ಲೂಕಿನ ಪೂರ್ವದ ಅಂಚಿನ ಒಂದು ಹಳ್ಳಿ. ಅಲ್ಲಿಂದ ಗೌರಿಬಿದನೂರಿನ ಸೀಮೆ ದೂರವಲ್ಲ. ತಾತ ಹುಡುಗನಾಗಿದ್ದಾಗ, ಅಜ್ಜಿ ಮೊದಲ ಸಲ ಬಸುರಿಯಾಗಿದ್ದಾಗ, ಹರಕೆ ಒಪ್ಪಿಸಲು ವಿದುರಾಶ್ವತ್ಥಕ್ಕೆ ನಡೆದುಹೋಗಿದ್ದರು. ಹೊಸ ಮೆಟ್ಟು ಹಾಕಿಕೊಂಡು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೋದವರು ಮಾರನೆಯ ದಿನ ಬೆಳಗಿನ ಜಾವಕ್ಕೆ ಒಂದು ಕಾಲಿಗೆ ಮಾತ್ರ ಮೆಟ್ಟಿಟ್ಟುಕೊಂಡು ಮನೆ ಸೇರಿದರು. ಕಂಬಳಿಯೂ ಇರಲಿಲ್ಲ. "ಇನ್ನೊಂದೆಲ್ಲಿ?" ಎಂದು ಅಜ್ಜಿ ಕೇಳಿದಳಂತೆ. "ಜನ ಬಹಳ ಇದ್ದರು" ಎಂದರಂತೆ ತಾತ. ಅಷ್ಟೇ. ಉಳಿದ ಒಂಟಿ ಮೆಟ್ಟನ್ನು ಅಜ್ಜಿ ಎಷ್ಟೋ ವರ್ಷ ಎಸೆಯದೆ ಇಟ್ಟುಕೊಂಡು, ಮೊಮ್ಮಕ್ಕಳಿಗೆ ತೋರಿಸಿ ನಗುತ್ತಿದ್ದಳು. ನಾನು ಅದನ್ನು ನೋಡಿದ ನೆನಪಿದೆ. ಒಣಗಿ ಸೊಟ್ಟಗಾಗಿ, ಹುಣಸೆಹಣ್ಣಿನ ತೊಳೆಯ ಹಾಗಿತ್ತು.

ತಾತನೂ ನಗುತ್ತಿದ್ದರು. ಆದರೆ ಕಥೆಯನ್ನು ತಾವಾಗಿ ಎಂದೂ ಹೇಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ದೊಡ್ಡ ಅತ್ತೆ, ತಾತನ ಮೊದಲ ಮಗಳು, ತೀರಿಕೊಂಡರು. ಅವರ ಟ್ರಂಕನ್ನು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ರೇಷ್ಮೆ ಸೀರೆಯ ಮಡಿಕೆಯಲ್ಲಿ ಅವರ ಜಾತಕ ಸಿಕ್ಕಿತು, ಅರಿಶಿನ ಬಳಿದ ಉದ್ದನೆಯ ಕಾಗದದಲ್ಲಿ ದುಂಡಗಿನ ಅಕ್ಷರ. ಬಹುಧಾನ್ಯ ಸಂವತ್ಸರ, ಆಷಾಢ ಮಾಸ ಎಂದಿತ್ತು. ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುವ ಹೆಸರುಗಳನ್ನು ಇಸವಿಗೆ ಇಳಿಸುವುದು ನನಗೊಂದು ಚಟ. ಬೆರಳು ಮಡಚಿ ಎಣಿಸಿದೆ. ಬಹುಧಾನ್ಯವೆಂದರೆ 1938ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ. ಅತ್ತೆ ಹುಟ್ಟಿದ್ದು ಆ ವರ್ಷದ ಆಷಾಢದಲ್ಲಿ. ಅಜ್ಜಿ ಬಸುರಿಯಾಗಿದ್ದಾಗ, ಬೇಸಿಗೆಯಲ್ಲಿ, ತಾತ ವಿದುರಾಶ್ವತ್ಥಕ್ಕೆ ಹೋಗಿದ್ದು.

1938ರ ಏಪ್ರಿಲ್ 25. ಸೋಮವಾರ. ಟ್ರಂಕಿನ ಮುಂದೆಯೇ ಕುಳಿತುಬಿಟ್ಟೆ.

*

ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆದದ್ದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಶಾಲೆಯಲ್ಲಿ ಒಂದು ಸಾಲಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿದ್ದೆ: "ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಕರೆಯಲ್ಪಡುವ ಸ್ಥಳ ____." ಆ ಊರಿಗೆ ಚಿಕ್ಕಂದಿನಲ್ಲಿ ಹತ್ತಾರು ಸಲ ಹೋಗಿಯೂ ಇದ್ದೆ. ನಾನು ಹುಟ್ಟಿದ್ದೇ ಅಲ್ಲಿಯ ಹರಕೆಯಿಂದ ಎನ್ನುವುದು ಅಮ್ಮನ ಅಚಲ ನಂಬಿಕೆ. ನನಗಾಗಿ ಅವಳು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲು ಅಲ್ಲಿ ಎಲ್ಲೋ ಇದೆ. ಆದರೆ ಬಿಟ್ಟ ಸ್ಥಳದ ವಿದುರಾಶ್ವತ್ಥವೂ ಅಮ್ಮನ ವಿದುರಾಶ್ವತ್ಥವೂ ನನ್ನ ತಲೆಯಲ್ಲಿ ಬೇರೆ ಬೇರೆ ಊರುಗಳಾಗಿದ್ದವು. ಒಂದರಲ್ಲಿ ಬಾವುಟ, ಇನ್ನೊಂದರಲ್ಲಿ ಹಾಲು ಮತ್ತು ಅರಿಶಿನ. ತಾತನ ಮೆಟ್ಟು ಎರಡನೆಯ ಊರಿನದು ಎಂದೇ ತಿಳಿದಿದ್ದೆ.

ಹಾಗಾಗಿ ಈ ಸಲ ಏಪ್ರಿಲ್‌ನಲ್ಲಿ, 25 ಕಳೆದ ಮೂರನೆಯ ದಿನ ಹೊರಟೆ. ಅದೇ ದಿನ ಹೋಗಬಹುದಿತ್ತು. ಆದರೆ ಹಾರ, ಭಾಷಣ, ಮೈಕು, ಗಣ್ಯರ ಕಾರುಗಳ ನಡುವೆ ಏನನ್ನೂ ನೋಡಲಾಗುವುದಿಲ್ಲ ಎಂದು ನನ್ನ ಅನುಭವ. ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲು ಹಿಡಿದೆ. ಯಲಹಂಕ, ದೊಡ್ಡಬಳ್ಳಾಪುರ, ಆಮೇಲೆ ಮಾಕಳಿದುರ್ಗ. ಅಲ್ಲಿ ಹಳಿ ಬೆಟ್ಟಗಳ ಸಂದಿಯಲ್ಲಿ ಬಾಗುವಾಗ ಎಲ್ಲರೂ ಒಂದೇ ಬದಿಯ ಕಿಟಕಿಗೆ ಬರುತ್ತಾರೆ. ಎಷ್ಟು ಸಲ ನೋಡಿದವರೂ ಬರುತ್ತಾರೆ. ಅದಾದ ಮೇಲೆ ತೊಂಡೇಬಾವಿ, ಗೌರಿಬಿದನೂರು. ಪೆಟ್ಟಿಗೆಯೊಳಗಿನ ಮಾತು ನಿಧಾನವಾಗಿ ತೆಲುಗಿಗೆ ತಿರುಗುತ್ತದೆ, ಒಂದೇ ವಾಕ್ಯದಲ್ಲಿ ಕನ್ನಡದ ತಲೆ, ತೆಲುಗಿನ ಬಾಲ. ಗೌರಿಬಿದನೂರಿನ ಮುಂದಿನ ಪುಟ್ಟ ನಿಲ್ದಾಣವೇ ವಿದುರಾಶ್ವತ್ಥ. ನನ್ನ ಜೊತೆ ಇಳಿದವರೆಲ್ಲರ ಕೈಯಲ್ಲೂ ಪೂಜೆಯ ಚೀಲವಿತ್ತು.

ಪಕ್ಕದಲ್ಲಿ ಉತ್ತರ ಪಿನಾಕಿನಿ. ನದಿ ಎನ್ನಲು ಧೈರ್ಯ ಬೇಕು. ಏಪ್ರಿಲ್‌ನಲ್ಲಿ ಅದು ಮರಳು, ಜಾಲಿ ಮತ್ತು ನೆನಪು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಇಲ್ಲಿ ಹಾದು ಆಂಧ್ರಕ್ಕೆ ಹೋಗಿ ಪೆನ್ನಾ ಎನಿಸಿಕೊಳ್ಳುತ್ತದೆ. ಈ ನದಿಯ ದಡದಲ್ಲಿ ವಿದುರ ನೆಟ್ಟ ಅಶ್ವತ್ಥವೆಂಬುದು ಸ್ಥಳಪುರಾಣ. ಯುದ್ಧ, ಸಾವು ಎಲ್ಲದರಿಂದ ಬೇಸತ್ತ ವಿದುರ ಮೈತ್ರೇಯರಲ್ಲಿಗೆ ಬಂದನಂತೆ, ಸ್ನಾನ ಮಾಡಿ ಅರ್ಘ್ಯ ಕೊಡುವಾಗ ಕೈಗೆ ಒಂದು ಅರಳಿಯ ಸಸಿ ಸಿಕ್ಕಿತಂತೆ. ಆ ಹಳೆಯ ಮರ ಬಿದ್ದುಹೋಗಿ ವರ್ಷಗಳಾದವು. ಆದರೂ ಪ್ರದಕ್ಷಿಣೆ ನಿಂತಿಲ್ಲ.

ಮರಕ್ಕಿಂತ ಇಲ್ಲಿ ಕಣ್ಣು ತುಂಬುವುದು ನಾಗರಕಲ್ಲುಗಳು. ಸಾವಿರಾರು. ಸಾಲು ಸಾಲಾಗಿ, ಒಂದಕ್ಕೊಂದು ಒರಗಿ, ಹೆಡೆಯ ಮೇಲೆ ಹೆಡೆ. ಕೆಲವು ನಿನ್ನೆಯವು, ಉಳಿಯ ಗುರುತು ಇನ್ನೂ ಬಿಳಿಯಾಗಿದೆ. ಕೆಲವು ಸವೆದು ಹೆಡೆಯೋ ಬರೀ ಕಲ್ಲೋ ಎಂದು ತಿಳಿಯದ ಹಾಗಾಗಿವೆ. ಮಕ್ಕಳಾಗಲಿ ಎಂದು, ಮದುವೆಯಾಗಲಿ ಎಂದು, ಸರ್ಪದೋಷ ಕಳೆಯಲಿ ಎಂದು ನಿಲ್ಲಿಸಿದವು. ಒಂದೊಂದು ಕಲ್ಲಿನ ಹಿಂದೆ ಒಂದೊಂದು ಮನೆಯ ಸಂಕಟವಿದೆ. ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಇದನ್ನೆಲ್ಲ ನೋಡಿ ಏನೆನ್ನುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ. ಪ್ರಶ್ನಿಸದೆ ಒಪ್ಪಿಕೊಳ್ಳಬೇಡಿ ಎಂದು ಜೀವನವಿಡೀ ಹೇಳಿದವರು ಅವರು. ನಾನೂ ಸರ್ಪದೋಷವನ್ನು ನಂಬುವುದಿಲ್ಲ. ಆದರೂ ಅಮ್ಮನ ಕಲ್ಲನ್ನು ಹುಡುಕುತ್ತಾ ಒಂದು ಗಂಟೆ ಬಿಸಿಲಿನಲ್ಲಿ ಅಲೆದೆ. "ಬಾವಿಯ ಕಡೆಗೆ ಮುಖ ಮಾಡಿದ್ದು, ಎರಡು ಹೆಡೆ ಹೆಣೆದುಕೊಂಡಿದ್ದು" ಎಂದು ಅವಳು ಗುರುತು ಹೇಳಿ ಕಳುಹಿಸಿದ್ದಳು. ಎಲ್ಲವೂ ಎರಡು ಹೆಡೆ ಹೆಣೆದುಕೊಂಡವೇ.

*

ತಾತ ಬಂದ ದಿನ ಇಲ್ಲಿ ಏನಾಯಿತು ಎಂಬುದಕ್ಕೆ ಎರಡು ವಾರ ಹಿಂದೆ ಹೋಗಬೇಕು, ಮದ್ದೂರಿನ ಹತ್ತಿರದ ಶಿವಪುರಕ್ಕೆ.

ಆಗ ಮೈಸೂರು ಸಂಸ್ಥಾನ. ಇವತ್ತು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ವಿದುರಾಶ್ವತ್ಥ ಆಗ ಕೋಲಾರ ಜಿಲ್ಲೆಗೆ ಸೇರಿತ್ತು. ಜಿಲ್ಲೆ ಒಡೆದದ್ದು 2007ರಲ್ಲಿ. ಮೈಸೂರು ಕಾಂಗ್ರೆಸ್ಸಿನ ಬೇಡಿಕೆ ಒಂದೇ, ಜವಾಬ್ದಾರಿ ಸರ್ಕಾರ. ಅಂದರೆ ದಿವಾನರು ಮಹಾರಾಜರಿಗೆ ಉತ್ತರ ಹೇಳುವ ಬದಲು ಮಂತ್ರಿಗಳು ಜನರ ಸಭೆಗೆ ಉತ್ತರ ಹೇಳಬೇಕು. ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ಬಾವುಟ ಹಾರಿಸಬಾರದೆಂದು ಸರ್ಕಾರ ಹಟ ಹಿಡಿಯಿತು. ನಿಷೇಧವನ್ನು ಮುರಿಯುವುದೇ ಕಾರ್ಯಕ್ರಮವಾಯಿತು. ಏಪ್ರಿಲ್ ಎರಡನೆಯ ವಾರ ಶಿವಪುರದ ಬಯಲಿನಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸಾವಿರಾರು ಜನ ಸೇರಿದರು, ಬಾವುಟ ಏರಿತು, ನಾಯಕರ ಬಂಧನವಾಯಿತು. ಅಲ್ಲಿ ಈಗ ಸತ್ಯಾಗ್ರಹ ಸೌಧವಿದೆ. ಅದರ ಮುಂದೆಯೇ ಮೈಸೂರಿನ ಹಳೆಯ ಹೆದ್ದಾರಿ ಹಾದುಹೋಗುತ್ತದೆ. ಮದ್ದೂರು ವಡೆಗೆ ನಿಲ್ಲುವವರು ಸೌಧಕ್ಕೆ ನಿಲ್ಲುವುದು ಅಪರೂಪ, ನಾನೂ ಸೇರಿ.

ಶಿವಪುರದ ಬಿಸಿ ಸಂಸ್ಥಾನದ ಊರೂರಿಗೂ ಹರಡಿತು. ಗೌರಿಬಿದನೂರಿನ ಕಡೆಯವರು ಆರಿಸಿಕೊಂಡದ್ದು ವಿದುರಾಶ್ವತ್ಥವನ್ನು. ಕಾರಣ ಸರಳ, ಅದು ಜಾತ್ರೆಯ ಕಾಲ. ಜನರನ್ನು ಕರೆಯುವ ಕೆಲಸವನ್ನು ದೇವರೇ ಮಾಡಿರುತ್ತಾನೆ. ಸಭೆ ಸೇರಬಾರದೆಂದು ಆಜ್ಞೆ ಹೊರಟಿತು. ಜಾತ್ರೆಗೆ ಬಂದವರನ್ನು ಸಭೆಗೆ ಬಂದವರಿಂದ ಬೇರೆ ಮಾಡುವುದು ಹೇಗೆ? ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತೆಂಗಿನಕಾಯಿ, ಸೊಂಟದಲ್ಲಿ ಕೂಸು, ಎಲ್ಲರೂ ಒಂದೇ ತೆರನಾಗಿ ಕಾಣುತ್ತಾರೆ. ಪೊಲೀಸರಿಗೂ ಹಾಗೆಯೇ ಕಂಡಿರಬೇಕು. ಸೇರಿದ ಜನರ ಮೇಲೆ ಗುಂಡು ಹಾರಿತು.

ಸತ್ತವರು ಹತ್ತು ಮಂದಿ ಎಂದಿತು ಸರ್ಕಾರ. ಮೂವತ್ತು ದಾಟಿದೆ ಎಂದರು ಜನ. ಮದ್ರಾಸು ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಸಮಿತಿ ಬಂತು, ಸಾಕ್ಷ್ಯ ಕೇಳಿತು, ವರದಿ ಬರೆಯಿತು. ಲೆಕ್ಕ ಮಾತ್ರ ಇವತ್ತಿಗೂ ಎರಡಾಗಿಯೇ ಉಳಿದಿದೆ. ಹತ್ತಕ್ಕೂ ಮೂವತ್ತಕ್ಕೂ ನಡುವಿನ ಆ ಇಪ್ಪತ್ತು ಚಿಲ್ಲರೆ ಜನ ಯಾವ ಕಡತಕ್ಕೂ ಸಿಗಲಿಲ್ಲ. ಜಾತ್ರೆಗೆ ಬಂದವರ ಹೆಸರನ್ನು ಯಾರು ಬರೆದಿಟ್ಟುಕೊಂಡಿರುತ್ತಾರೆ?

ಇಲ್ಲೊಂದು ವಿಚಿತ್ರವನ್ನು ಹೇಳಲೇಬೇಕು. ವಿದುರಾಶ್ವತ್ಥದಿಂದ ರೈಲಿನಲ್ಲಿ ಕೂತರೆ ಒಂದು ಕಡ್ಲೆಕಾಯಿ ಪೊಟ್ಟಣ ಮುಗಿಯುವುದರೊಳಗೆ ಹಿಂದೂಪುರ. ಆಗ ಅದು ಬ್ರಿಟಿಷರ ಮದ್ರಾಸು ಪ್ರಾಂತ್ಯ. 1937ರ ಜುಲೈನಿಂದ ಅಲ್ಲಿ ಆಳುತ್ತಿದ್ದದ್ದು ಕಾಂಗ್ರೆಸ್ಸೇ, ರಾಜಾಜಿ ಪ್ರಾಂತ್ಯದ ಪ್ರಧಾನಿ, ಈಗಿನ ಮುಖ್ಯಮಂತ್ರಿಯ ಹಾಗೆ. ಅಂದರೆ ಗಡಿಯ ಆಚೆ, ಬ್ರಿಟಿಷರ ನೆಲದಲ್ಲಿ, ಯಾವ ಬಾವುಟ ಅಧಿಕಾರದ ಕುರ್ಚಿಯ ಮೇಲೆಯೇ ಕೂತಿತ್ತೋ ಅದೇ ಬಾವುಟ ಗಡಿಯ ಈಚೆ, ನಮ್ಮ ಮಹಾರಾಜರ ನೆಲದಲ್ಲಿ, ಗುಂಡಿಗೆ ಕಾರಣವಾಯಿತು. ಈ ಸಂಗತಿ ತಿಳಿದಾಗಿನಿಂದ "ದಕ್ಷಿಣದ ಜಲಿಯನ್‌ವಾಲಾ ಬಾಗ್" ಎನ್ನುವ ಬಿರುದು ನನಗೆ ಕಿರಿಕಿರಿ ಮಾಡುತ್ತದೆ. ಗೌರವಕ್ಕೆಂದೇ ಕೊಟ್ಟ ಹೆಸರು, ನಿಜ. ಆದರೆ ಅದು ನಮಗೆ ಒಂದು ಅನುಕೂಲವನ್ನೂ ಮಾಡಿಕೊಟ್ಟಿದೆ. ಜಲಿಯನ್‌ವಾಲಾ ಬಾಗ್ ಎಂದ ಕೂಡಲೇ ಕಣ್ಣೆದುರು ಬರುವುದು ಒಬ್ಬ ಬಿಳಿಯ ಜನರಲ್. ವಿದುರಾಶ್ವತ್ಥದಲ್ಲಿ ಅಂಥವನು ಇರಲಿಲ್ಲ. ಬಂದೂಕು ಹಿಡಿದವರು ನಮ್ಮ ಸಂಸ್ಥಾನದ ಪೊಲೀಸರು, ಆಡಳಿತ ನಮ್ಮ ಮೈಸೂರಿನದು. ಮೈಸೂರಿನ ಗುಂಡು ಮೈಸೂರಿನ ಪ್ರಜೆಗೇ ಬಿತ್ತು.

ಅದಕ್ಕೇ ನಾವು ಈ ಕಥೆಯನ್ನು ಗಟ್ಟಿಯಾಗಿ ಹೇಳುವುದಿಲ್ಲವೇನೋ. ಈಸೂರನ್ನು ನೋಡಿ. 1942ರಲ್ಲಿ ಶಿವಮೊಗ್ಗ ಜಿಲ್ಲೆಯ ಆ ಹಳ್ಳಿ ತನ್ನದೇ ಸರ್ಕಾರ ಮಾಡಿಕೊಂಡಿತು, ಮರುವರ್ಷ ಐವರನ್ನು ಗಲ್ಲಿಗೇರಿಸಲಾಯಿತು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಒಂದು ಘೋಷಣೆ ಅದನ್ನು ಮಕ್ಕಳ ಬಾಯಲ್ಲೂ ಉಳಿಸಿತು. ಅಲ್ಲಿಯೂ ಎದುರಿಗಿದ್ದದ್ದು ಇದೇ ಮೈಸೂರಿನ ಸರ್ಕಾರವೇ. ಆದರೆ ಚಲೇಜಾವ್ ಚಳವಳಿಯ ದೊಡ್ಡ ಅಲೆಯೊಳಗೆ ಆ ಅಂಶ ಮುಳುಗಿಹೋಯಿತು, ಬ್ರಿಟಿಷರ ವಿರುದ್ಧದ ಹೋರಾಟ ಎಂದೇ ನಾವದನ್ನು ಓದುತ್ತೇವೆ. ವಿದುರಾಶ್ವತ್ಥಕ್ಕೆ ಪ್ರಾಸವೂ ಸಿಗಲಿಲ್ಲ, ಅಲೆಯೂ ಸಿಗಲಿಲ್ಲ.

*

ಗುಂಡಿಗೆ ಬಲಿಯಾದವರ ನೆನಪಿನ ಸ್ತೂಪದ ಬಳಿ ಹೋದಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ದೇವಸ್ಥಾನದ ಗದ್ದಲದಿಂದ ನಾಲ್ಕು ಹೆಜ್ಜೆ ಈಚೆ ಬಂದರೆ ಸದ್ದು ತಟಕ್ಕನೆ ಇಳಿಯುತ್ತದೆ. ಮೂರು ದಿನದ ಹಿಂದಿನ ಹಾರಗಳು ಒಣಗಿ ಕಂದಾಗಿದ್ದವು. ನೆರಳಿನಲ್ಲಿ ಒಂದು ಸಂಸಾರ ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿತ್ತು. ಎರಡು ಮಕ್ಕಳು ಸ್ತೂಪದ ಸುತ್ತ ಓಡುತ್ತಿದ್ದವು, ಪ್ರದಕ್ಷಿಣೆಯೋ ಆಟವೋ ಅವಕ್ಕೇ ಗೊತ್ತಿರಲಾರದು. ಪಕ್ಕದ ವೀರಸೌಧದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳಿವೆ. ಒಳಗೆ ತಂಪಾಗಿತ್ತು. ನಾನೊಬ್ಬಳೇ. ಕಾವಲಿನವರು ಬಂದು ಪಂಖ ಹಾಕಿದರು, ನಾನು ಮುಂದಿನ ಗೋಡೆಗೆ ಸರಿದ ಹಾಗೆ ಹಿಂದಿನದನ್ನು ಆರಿಸಿದರು.

ಆ ಚಿತ್ರಗಳೆದುರು ನಿಂತಾಗ ನನಗೆ ನೆನಪಾದದ್ದು ನಮ್ಮ ನಡುಮನೆಯ ಗೋಡೆ.

ತಾತ ಅಲ್ಲಿ ಎರಡು ಪಟ ಹಾಕಿದ್ದರು. ಒಂದು ಗಾಂಧೀಜಿಯದು. ಇನ್ನೊಂದು ನಾಲ್ವಡಿ ಕೃಷ್ಣರಾಜ ಒಡೆಯರದು, ಪೇಟ, ಶಾಂತ ಮುಖ. ಎರಡೂ ಒಂದೇ ಎತ್ತರ, ಒಂದೇ ಮೊಳೆಯ ಅಳತೆ. ದಸರೆಯಲ್ಲಿ ಎರಡಕ್ಕೂ ಒಂದೊಂದು ಸೇವಂತಿಗೆ. ಚಿಕ್ಕವಳಿದ್ದಾಗ ಇದರಲ್ಲಿ ನನಗೇನೂ ವಿಶೇಷ ಕಂಡಿರಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಾಗೇ ಇತ್ತು. ಈಗ ಕೇಳಿಕೊಳ್ಳುತ್ತೇನೆ, ಗುಂಡಿನ ನಡುವಿನಿಂದ ಒಂಟಿ ಮೆಟ್ಟಿನಲ್ಲಿ ಓಡಿಬಂದ ಮನುಷ್ಯ ಆ ಗುಂಡು ಯಾರ ಸರ್ಕಾರದ್ದೋ ಅವರ ಪಟಕ್ಕೆ ಐವತ್ತು ವರ್ಷ ಹೂವಿಟ್ಟದ್ದು ಹೇಗೆ?

ತಾತನಿಗೆ ಮರೆವು ಇರಲಿಲ್ಲ, ಹೆದರಿಕೆಯೂ ಅಲ್ಲ. ಅವರಿಗೆ ವಯಸ್ಸಾಗುವ ಹೊತ್ತಿಗೆ ಮಹಾರಾಜರ ಆಳ್ವಿಕೆಯೂ ಇರಲಿಲ್ಲ, ದಿವಾನರೂ ಇರಲಿಲ್ಲ. ನಾಲ್ವಡಿಯವರ ಬಗ್ಗೆ ಅವರಿಗಿದ್ದದ್ದು ನಿಜವಾದ ಗೌರವ. ಕನ್ನಂಬಾಡಿ ಕಟ್ಟಿದವರು, ಶಾಲೆ ತೆರೆದವರು. ಗಾಂಧೀಜಿಯೇ ರಾಜರ್ಷಿ ಎಂದು ಕರೆದವರು. ದೇಶದಲ್ಲೇ ಮೊದಲು ಎನಿಸಿದ ಪ್ರಜಾಪ್ರತಿನಿಧಿ ಸಭೆ ಅವರ ತಂದೆಯ ಕಾಲಕ್ಕೆ, 1881ರಲ್ಲೇ ಶುರುವಾಗಿತ್ತು. ಮಾದರಿ ಮೈಸೂರು ಎನ್ನುವುದು ಬರೀ ಬಾಯಿಮಾತಲ್ಲ. ಆ ಸಭೆಯಲ್ಲಿ ಪ್ರಶ್ನೆ ಕೇಳಬಹುದಿತ್ತು, ಅಹವಾಲು ಹೇಳಬಹುದಿತ್ತು. ಸರ್ಕಾರವನ್ನು ಇಳಿಸಲು ಮಾತ್ರ ಆಗುತ್ತಿರಲಿಲ್ಲ. ಒಳ್ಳೆಯ ರಾಜನ ಪ್ರಜೆಯಾಗಿ ಬಂಡೇಳುವುದು ಕೆಟ್ಟ ರಾಜನ ಪ್ರಜೆಯಾಗಿ ಬಂಡೇಳುವುದಕ್ಕಿಂತ ಇಕ್ಕಟ್ಟಿನ ಕೆಲಸ ಎಂದು ನನಗೆ ಅನ್ನಿಸುತ್ತದೆ. ಏನನ್ನು ಕೇಳುತ್ತೀಯ ಎಂದರೆ ನೀರಿಲ್ಲ, ಶಾಲೆಯಿಲ್ಲ ಎನ್ನಲು ಬರುವುದಿಲ್ಲ. ಹಕ್ಕು ಎನ್ನಬೇಕಾಗುತ್ತದೆ. ಕೊಟ್ಟದ್ದೆಲ್ಲ ಸರಿ, ಆದರೆ ಕೊಡುವವರು ನೀವೇ ಏಕೆ ಎಂದು ಕೇಳಬೇಕಾಗುತ್ತದೆ. ಹಾಗೆ ನೋಡಿದರೆ ಈ ಸ್ಥಳದ ವಿದುರನೂ ಅಂಥದೇ ಇಕ್ಕಟ್ಟಿನವನು. ಅರಮನೆಯ ಅನ್ನ ಉಂಡೇ ಅರಮನೆಗೆ ಎದುರು ಮಾತಾಡಿದವನು. ನಮ್ಮ ಭಾಗವತರು ಹೇಳುವ ಭಾರತದಲ್ಲಿ ಕೊನೆಗೆ ತುಂಬಿದ ಸಭೆಯಲ್ಲಿ ಬಿಲ್ಲನ್ನೇ ಮುರಿದು ಹಾಕುತ್ತಾನೆ.

ಇಕ್ಕಟ್ಟು ಗಾಂಧೀಜಿಗೂ ಇತ್ತು. 1927ರಲ್ಲಿ ಆರೋಗ್ಯ ಕೆಟ್ಟಾಗ ಅವರು ನಂದಿಬೆಟ್ಟದಲ್ಲಿ ಸುಮಾರು ಒಂದೂವರೆ ತಿಂಗಳು ತಂಗಿದ್ದರು, ಮೈಸೂರು ಸರ್ಕಾರದ ಅತಿಥಿಯಾಗಿ. 1936ರಲ್ಲಿ ಮತ್ತೆ ಬಂದರು. ಪಿನಾಕಿನಿ ಹುಟ್ಟುವ ಆ ಬೆಟ್ಟಸಾಲಿನಲ್ಲಿ ಅವರು ಸುಧಾರಿಸಿಕೊಂಡರು. ಅದೇ ನೀರು ಇಳಿದು ಬರುವ ಈ ದಡದಲ್ಲಿ, ಅವರ ಹೆಸರು ಹೇಳಿಕೊಂಡು ಬಂದವರ ಮೇಲೆ ಗುಂಡು ಹಾರಿತು. ಸಂಸ್ಥಾನಗಳ ಒಳಗಿನ ಹೋರಾಟವನ್ನು ಅಲ್ಲಿಯ ಪ್ರಜೆಗಳೇ ತಮ್ಮ ಬಲದ ಮೇಲೆ ನಡೆಸಬೇಕು, ಕಾಂಗ್ರೆಸ್ಸಿನ ಹೆಸರಿನಲ್ಲಲ್ಲ ಎಂದು 1938ರ ಫೆಬ್ರುವರಿಯಲ್ಲಿ, ಸುಭಾಷ್ ಚಂದ್ರ ಬೋಸರ ಅಧ್ಯಕ್ಷತೆಯ ಹರಿಪುರ ಅಧಿವೇಶನ ತೀರ್ಮಾನಿಸಿತ್ತು. ನಮ್ಮ ಹಳ್ಳಿಗರಿಗೆ ಈ ಸೂಕ್ಷ್ಮ ತಲುಪುವ ಹೊತ್ತಿಗೆ ಬಾವುಟ ಕೈಗೆ ಬಂದಾಗಿತ್ತು.

ಗೋಲಿಬಾರಿನ ಸುದ್ದಿ ದೇಶವಿಡೀ ಹಬ್ಬಿದ ಮೇಲೆ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತುಕತೆ ನಡೆಯಿತು, ಮೇ ತಿಂಗಳಲ್ಲಿ ಒಪ್ಪಂದವಾಯಿತು. ಮಿರ್ಜಾ-ಪಟೇಲ್ ಒಪ್ಪಂದ ಎಂದೇ ಅದಕ್ಕೆ ಹೆಸರು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ, ಬಂಧಿಸಿದವರ ಬಿಡುಗಡೆ, ಮತ್ತು ಬಾವುಟದ ವಿಷಯದಲ್ಲಿ ಒಂದು ಅಪ್ಪಟ ಮೈಸೂರು ಪರಿಹಾರ: ಸಮಾರಂಭಗಳಲ್ಲಿ ಕಾಂಗ್ರೆಸ್ಸಿನ ಚರಕದ ಬಾವುಟವನ್ನೂ ಸಂಸ್ಥಾನದ ಗಂಡಭೇರುಂಡದ ಬಾವುಟವನ್ನೂ ಒಟ್ಟಿಗೇ ಹಾರಿಸುವುದು.

ಅಕ್ಕಪಕ್ಕದಲ್ಲಿ, ಒಂದೇ ಎತ್ತರದಲ್ಲಿ. ನಮ್ಮ ನಡುಮನೆಯ ಗೋಡೆ ನನಗೆ ಅರ್ಥವಾದದ್ದು ವೀರಸೌಧದಲ್ಲಿ ಈ ಒಪ್ಪಂದವನ್ನು ನೆನೆದಾಗಲೇ. ತಾತ ಓದಿದವರಲ್ಲ. ಮಿರ್ಜಾ-ಪಟೇಲ್ ಒಪ್ಪಂದದ ಹೆಸರು ಕೇಳಿದ್ದರೋ ಇಲ್ಲವೋ. ಆದರೆ ಅದನ್ನು ಎರಡು ಮೊಳೆ ಹೊಡೆದು ಜಾರಿಗೆ ತಂದಿದ್ದರು, ಸಂಸ್ಥಾನ ಹೋಗಿ ಎಷ್ಟೋ ವರ್ಷವಾದರೂ ಮುರಿಯಲಿಲ್ಲ. ಅದನ್ನು ರಾಜಿ ಎಂದು ಹಳಿಯಲು ನನಗೆ ಮನಸ್ಸು ಬಾರದು. ಪೂರ್ತಿ ಒಪ್ಪಲೂ ಆಗದು. ಜವಾಬ್ದಾರಿ ಸರ್ಕಾರ ಆ ಮೇ ತಿಂಗಳಲ್ಲಿ ಬರಲಿಲ್ಲವಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನವರು ಇನ್ನೊಮ್ಮೆ ಬೀದಿಗಿಳಿಯಬೇಕಾಯಿತು. ಮೈಸೂರು ಚಲೋ ನಡೆದು, 1947ರ ಅಕ್ಟೋಬರ್ ಕೊನೆಗೆ ಇದೇ ಕೋಲಾರ ಸೀಮೆಯ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ಬಾವುಟಕ್ಕೆ ಜಾಗ ಸಿಕ್ಕ ಮೇಲೂ ಒಂಬತ್ತು ವರ್ಷ ಕಾಯಬೇಕಾಯಿತು.

*

ಮತ್ತೆ ನಾಗರಕಲ್ಲುಗಳ ಕಡೆಗೆ ಬಂದೆ. ಬಿಸಿಲು ಸ್ವಲ್ಪ ಇಳಿದಿತ್ತು. ಅಮ್ಮನಿಗೆ ಫೋನ್ ಮಾಡಿ, ಕಲ್ಲು ಸಿಗಲಿಲ್ಲ ಎಂದೆ. "ಎಷ್ಟು ಸಾವಿರ ಇವೆ ಅಲ್ಲಿ! ಯಾವುದಾದರೂ ಒಂದಕ್ಕೆ ಹಾಲು ಹಾಕಿ ಬಾ. ಎಲ್ಲ ಒಂದೇ" ಎಂದಳು. ನಲವತ್ತು ವರ್ಷದಿಂದ ನನ್ನ ಕಲ್ಲು, ನನ್ನ ಕಲ್ಲು ಎನ್ನುತ್ತಿದ್ದವಳ ಬಾಯಲ್ಲಿ ಇಷ್ಟು ಸುಲಭವಾಗಿ ಈ ಮಾತು ಬಂದದ್ದು ಕೇಳಿ ನಗು ಬಂತು.

ಒಂದು ಕಲ್ಲನ್ನು ಆರಿಸಿಕೊಂಡೆ. ತೀರಾ ಹಳೆಯದು, ಒಂದು ಮಗ್ಗುಲು ಮುಕ್ಕಾಗಿತ್ತು. ಹಾಲು ಹಾಕುವಾಗ ಪಕ್ಕದಲ್ಲಿ ಕಲ್ಲು ತೊಳೆಯುತ್ತಿದ್ದ ಮುದುಕಿ "ನಿಮ್ಮದೇ ಏನಮ್ಮ?" ಎಂದು ಕೇಳಿದಳು. ಅಲ್ಲ ಎಂದೆ. "ಪರವಾಗಿಲ್ಲ. ಅದಕ್ಕೆ ಯಾರೂ ಬರುವುದಿಲ್ಲ" ಎಂದಳು. ಅವಳೂ ಈ ಕಡೆಯವಳೇ, ಗಡಿಯ ಹಳ್ಳಿಯವಳು. ಕೇಳಬೇಕೋ ಬೇಡವೋ ಎಂದುಕೊಂಡೇ, ಇಲ್ಲಿ ಗೋಲಿಬಾರ್ ಆಗಿತ್ತಂತಲ್ಲ ಎಂದೆ. "ಹೌದಂತೆ. ಜಾತ್ರೆಗೆ ಬಂದವರು ಪಾಪ" ಎಂದು ಅವಳು ಚೊಂಬು ಎತ್ತಿಕೊಂಡು ಮುಂದಿನ ಕಲ್ಲಿಗೆ ಹೋದಳು.

ಸ್ಮಾರಕ ಅವರನ್ನು ಹುತಾತ್ಮರು ಎನ್ನುತ್ತದೆ. ಇವಳು ಜಾತ್ರೆಗೆ ಬಂದವರು ಎನ್ನುತ್ತಾಳೆ. ತಾತ ಎರಡರಲ್ಲಿ ಯಾವುದು? ಹರಕೆಗೆ ಹೋದದ್ದು ನಿಜ. ಬಾವುಟ ಏರುವುದನ್ನು ನೋಡಲು ನಿಂತರೇ? ಕೂಗು ಕೇಳಿ ಹತ್ತಿರ ಸರಿದರೇ? ಜೊತೆಗೆ ತಾವೂ ಕೂಗಿದರೇ? ಖಾದಿ ಉಡುತ್ತಿದ್ದವರಲ್ಲ, ಜೈಲಿಗೆ ಹೋದವರಲ್ಲ, ಪಿಂಚಣಿಗೆ ಅರ್ಜಿ ಹಾಕಿದವರೂ ಅಲ್ಲ. ಮನೆಯಲ್ಲಿ ಯಾರೂ ಅವರನ್ನು ಸ್ವಾತಂತ್ರ್ಯ ಹೋರಾಟಗಾರ ಎಂದುಕೊಂಡವರಿಲ್ಲ. ಆದರೆ ಹರಕೆಗೆ ಬಂದವರು ಬಾವುಟವನ್ನು ನೋಡುತ್ತ ನಿಂತರು ಎಂಬುದೇ ಅವತ್ತು ದಿವಾನರ ಸರ್ಕಾರವನ್ನು ಹೆದರಿಸಿದ್ದಿರಬೇಕು. ನೂರು ಜನ ಕಾರ್ಯಕರ್ತರನ್ನು ಲಾರಿಗೆ ತುಂಬಿ ದೂರ ಬಿಟ್ಟುಬರಬಹುದು. ತೆಂಗಿನಕಾಯಿ ಹಿಡಿದು ನಿಂತ ಇಡೀ ಜಾತ್ರೆಯನ್ನು ಏನು ಮಾಡುವುದು?

ಮತ್ತೆ ಆ ಮೆಟ್ಟು. "ಜನ ಬಹಳ ಇದ್ದರು" ಎಂಬ ಮೂರು ಪದಗಳಲ್ಲಿ ತಾತ ಇಡೀ ದಿನವನ್ನು ಮುಚ್ಚಿ ಇಟ್ಟುಬಿಟ್ಟರು. ಬಸುರಿ ಹೆಂಡತಿಗೆ ಹೆಣಗಳ ವಿಷಯ ಹೇಳಬಾರದೆಂದೋ, ಪೊಲೀಸರು ಹಳ್ಳಿ ಹಳ್ಳಿ ಹುಡುಕಿಯಾರೆಂದೋ. ಅಜ್ಜಿ ಅದನ್ನು ತಮಾಷೆ ಮಾಡಿಕೊಂಡಳು. ತಮಾಷೆ ಗಾದೆಯಾಯಿತು, ನಾವು ಎಂಬತ್ತು ವರ್ಷ ಕೊಡೆಗೂ ಡಬ್ಬಿಗೂ ಅದನ್ನು ಬಳಸಿಕೊಂಡು ಬಂದೆವು. ಹತ್ತೋ ಮೂವತ್ತೋ ಎಂದು ಲೆಕ್ಕ ಹಾಕಿದ ಯಾವ ಕಾಗದದಲ್ಲೂ ಇಲ್ಲದ ಒಂದು ಸಾಕ್ಷಿ ನಮ್ಮ ಅಟ್ಟದ ಮೇಲೆ ಬಿದ್ದಿತ್ತು. ಮನೆ ರಿಪೇರಿ ಮಾಡಿಸುವಾಗ ಯಾರೋ ಎಸೆದರು.

ಸಂಜೆಯ ರೈಲು ತಡವಾಗಿ ಬಂತು. ಪೂಜೆಯ ಚೀಲಗಳು ಈಗ ಖಾಲಿಯಾಗಿ, ಕುಂಕುಮದ ಕಲೆ ಹೊತ್ತು ಹತ್ತಿಕೊಂಡವು. ಜಾಗ ಸಿಕ್ಕಿ ಕೂತು, ರೈಲು ಗೌರಿಬಿದನೂರು ದಾಟಿದ ಮೇಲೆ ನೋಡಿಕೊಂಡೆ, ಕೊಡೆ ಇರಲಿಲ್ಲ. ನಿಲ್ದಾಣದ ಕಲ್ಲುಬೆಂಚಿನ ಮೇಲೆಯೇ ಬಿಟ್ಟಿದ್ದೆ. ಅಮ್ಮನ ಫೋನ್ ಬಂದಾಗ ಅದನ್ನೇ ಮೊದಲು ಹೇಳಿದೆ.

"ಸರಿಹೋಯಿತು. ವಿದುರಾಶ್ವತ್ಥದ..." ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಜಾತಕದ ಲೆಕ್ಕವನ್ನು ನಾನು ಅವಳಿಗೆ ಹೇಳಿದ್ದದ್ದು ಹಿಂದಿನ ರಾತ್ರಿಯಷ್ಟೇ. ರೈಲಿನ ಸದ್ದಿನ ನಡುವೆ ಸ್ವಲ್ಪ ಹೊತ್ತು ಅವಳ ಉಸಿರು ಮಾತ್ರ ಕೇಳಿಸಿತು.

"ದೊಡ್ಡಬಳ್ಳಾಪುರ ಬಂದ ಮೇಲೆ ಫೋನ್ ಮಾಡು. ಅನ್ನಕ್ಕೆ ಇಡುತ್ತೇನೆ" ಎಂದಳು.